ಆಟಿಕೆ ಯಂತ್ರದಲ್ಲಿ ಐಸ್‌ಕ್ರೀಂ: ಯಾವಾಗ ಗಟ್ಟಿಯಾಗುತ್ತದೆ, ಯಾಕೆ ನೀರಾಗಿಯೇ ಉಳಿಯುತ್ತದೆ

ಬೇಸಿಗೆ ರಜೆ ಹತ್ತಿರ ಬಂದಂತೆ ಆನ್‌ಲೈನ್‌ನಲ್ಲೂ ಆಟಿಕೆ ಅಂಗಡಿಗಳಲ್ಲೂ ಮಕ್ಕಳ ಐಸ್‌ಕ್ರೀಂ ಯಂತ್ರಗಳು ಕಾಣಿಸತೊಡಗುತ್ತವೆ. ಬಣ್ಣದ ಪ್ಲಾಸ್ಟಿಕ್ ಡಬ್ಬ, ಮೇಲೊಂದು ಹಿಡಿಕೆ, ಪೆಟ್ಟಿಗೆಯ ಮೇಲೆ ಬಾಯಲ್ಲಿ ನೀರೂರಿಸುವ ಚಿತ್ರ. ಮನೆಗೆ ತಂದು, ಹಾಲು ಸಕ್ಕರೆ ಸುರಿದು, ಅರ್ಧ ಗಂಟೆ ತಿರುಗಿಸಿದ ಮೇಲೂ ಎಷ್ಟೋ ಮನೆಗಳಲ್ಲಿ ಸಿಗುವುದು ತಣ್ಣನೆಯ ಸಿಹಿ ಹಾಲು. ಮಗುವಿಗೆ ಬೇಜಾರು, ಯಂತ್ರ ಅಟ್ಟಕ್ಕೆ. ಹೆಚ್ಚಿನ ಸಲ ಯಂತ್ರದಲ್ಲಿ ದೋಷವೇ ಇರುವುದಿಲ್ಲ. ಅದರೊಳಗೆ ನಡೆಯಬೇಕಾದ ಕೆಲಸ ಏನು ಎಂಬುದನ್ನು ಪೆಟ್ಟಿಗೆಯೊಳಗಿನ ಚೀಟಿ ಹೇಳಿರುವುದಿಲ್ಲ, ಅಷ್ಟೇ.

ಮೊದಲು ತಿಳಿಯಬೇಕಾದ್ದು ಒಂದೇ: ಹಿಡಿಕೆ ತಿರುಗಿಸುವುದರಿಂದ ಏನೂ ತಣ್ಣಗಾಗುವುದಿಲ್ಲ. ತಣ್ಣಗಾಗಿಸುವುದು ಹೊರಗಿನ ಐಸ್ ಮತ್ತು ಉಪ್ಪು. ಹಿಡಿಕೆಯ ಕೆಲಸ ಬೇರೆ. ಹಾಗಾಗಿ ಐಸ್‌ಕ್ರೀಂ ಆಗುತ್ತದೋ ಇಲ್ಲವೋ ಎನ್ನುವುದು ತಿರುಗಿಸಲು ಶುರುಮಾಡುವ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಯಂತ್ರದೊಳಗೆ ಏನಿದೆ

ಹೆಚ್ಚಿನ ಆಟಿಕೆ ಯಂತ್ರಗಳಲ್ಲಿ ನಾಲ್ಕು ಭಾಗಗಳು. ಹೊರಗೊಂದು ಡಬ್ಬ, ಐಸ್ ಮತ್ತು ಉಪ್ಪು ತುಂಬುವುದು ಇದರಲ್ಲಿ. ಅದರ ನಡುವೆ ಒಂದು ಲೋಟ. ಹಾಲಿನ ಮಿಶ್ರಣಕ್ಕೆ ಇದು. ಲೋಟದೊಳಗೆ ನಿಲ್ಲುವ ಅಲಗು. ಮೇಲೆ ಮುಚ್ಚಳ ಮತ್ತು ಹಿಡಿಕೆ. ಕೆಲವು ಮಾದರಿಗಳಲ್ಲಿ ಹಿಡಿಕೆ ತಿರುಗಿಸಿದರೆ ಅಲಗು ತಿರುಗುತ್ತದೆ, ಕೆಲವದರಲ್ಲಿ ಲೋಟವೇ ತಿರುಗಿ ಅಲಗು ನಿಂತಿರುತ್ತದೆ. ಎರಡರಲ್ಲೂ ಆಗುವ ಕೆಲಸ ಒಂದೇ.

ಇದೇನೂ ಆಟಿಕೆಯವರು ಹೊಸದಾಗಿ ಹುಡುಕಿದ ಏರ್ಪಾಡಲ್ಲ. ಅಮೆರಿಕದ ನ್ಯಾನ್ಸಿ ಜಾನ್ಸನ್ 1843ರಲ್ಲಿ ಪೇಟೆಂಟ್ ಪಡೆದ ಕೈಯಂತ್ರದಲ್ಲೂ ಇದ್ದದ್ದು ಹೊರಗಿನ ತೊಟ್ಟಿ, ಒಳಗಿನ ಪಾತ್ರೆ, ಅಲಗು, ಹಿಡಿಕೆ. ಅಲ್ಲಿ ಒಳಪಾತ್ರೆ ಲೋಹದ್ದಾಗಿತ್ತು. ಇಂದಿನ ಅಗ್ಗದ ಆಟಿಕೆಗಳು ಎಡವುವುದು ಇಲ್ಲೇ. ಅಲ್ಯೂಮಿನಿಯಂ ಪ್ಲಾಸ್ಟಿಕ್‌ಗಿಂತ ನೂರಾರು ಪಟ್ಟು ಚೆನ್ನಾಗಿ ಶಾಖವನ್ನು ದಾಟಿಸುತ್ತದೆ. ಒಳಲೋಟ ಪ್ಲಾಸ್ಟಿಕ್ಕಿನದಾದರೆ ಹಾಲಿನ ಶಾಖ ಐಸಿಗೆ ದಾಟುವುದು ತೀರಾ ನಿಧಾನ. ಕೊಳ್ಳುವಾಗ ಬಣ್ಣ ನೋಡುವ ಮೊದಲು ಒಳಲೋಟ ನೋಡಿ.

ಐಸ್ ಒಂದೇ ಸಾಲದೆ? ಉಪ್ಪು ಯಾಕೆ?

ಬರೀ ಐಸ್ ತುಂಬಿದರೆ ಸಾಲುವುದಿಲ್ಲ. ಕರಗುತ್ತಿರುವ ಐಸ್ 0 ಡಿಗ್ರಿಯಲ್ಲೇ ನಿಲ್ಲುತ್ತದೆ. ಎಷ್ಟು ತುಂಬಿದರೂ ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆದರೆ ಸಿಹಿ ಹಾಲು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ. ಸಕ್ಕರೆ ಕರಗಿದ ನೀರು ಶುದ್ಧ ನೀರಿಗಿಂತ ಕೆಳಗಿನ ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆ. ಕೆಳಗೆ ಕೊಟ್ಟಿರುವ ಮಿಶ್ರಣ ಗಟ್ಟಿಯಾಗಲು ಶುರುವಾಗುವುದೇ ಸುಮಾರು ಮೈನಸ್ 2.5 ಡಿಗ್ರಿಯಲ್ಲಿ. ಚಮಚದಲ್ಲಿ ನಿಲ್ಲುವ ಹದಕ್ಕೆ ಬರಲು ಮೈನಸ್ 5ರ ಸುತ್ತಮುತ್ತ ಹೋಗಬೇಕು. ಉಪ್ಪಿಲ್ಲದ ಐಸಿನಲ್ಲಿ ದಿನವಿಡೀ ತಿರುಗಿಸಿದರೂ ಹಾಲು ಹಾಲಾಗಿಯೇ ಇರುವುದು ಈ ಕಾರಣಕ್ಕೆ.

ಉಪ್ಪು ಬಿದ್ದಾಗ ಏನಾಗುತ್ತದೆ? ಐಸಿನ ಮೈಮೇಲೆ ಯಾವಾಗಲೂ ತೆಳುವಾದ ನೀರಿನ ಪದರ ಇರುತ್ತದೆ. 0 ಡಿಗ್ರಿಯಲ್ಲಿ ಐಸಿನಿಂದ ಕಳಚಿ ನೀರಾಗುವ ಅಣುಗಳೂ, ನೀರಿನಿಂದ ಮರಳಿ ಐಸಿಗೆ ಅಂಟುವ ಅಣುಗಳೂ ಸಮಸಮ. ಆ ನೀರಿನಲ್ಲಿ ಉಪ್ಪು ಕರಗಿದರೆ ಮರಳಿ ಅಂಟುವುದು ಕಡಿಮೆಯಾಗುತ್ತದೆ, ಕಳಚುವುದು ಮಾತ್ರ ಮುಂದುವರಿಯುತ್ತದೆ. ಅಂದರೆ ಐಸ್ ಬೇಗ ಬೇಗ ಕರಗುತ್ತದೆ. ಕರಗಲು ಶಾಖ ಬೇಕು. ಒಂದು ಗ್ರಾಂ ಐಸ್ ಕರಗಲು ಸುಮಾರು 80 ಕ್ಯಾಲರಿ ಬೇಕು. ಒಂದು ಗ್ರಾಂ ನೀರನ್ನು 20 ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ಬೇಕಾಗುವಷ್ಟೇ ಶಾಖ ಅದು. ಇಷ್ಟನ್ನೂ ಅದು ಸುತ್ತಲಿನ ನೀರಿನಿಂದ, ಉಳಿದ ಐಸಿನಿಂದ, ಒಳಲೋಟದ ಹಾಲಿನಿಂದ ಎಳೆದುಕೊಳ್ಳುತ್ತದೆ. ಮಣ್ಣಿನ ಮಡಕೆಯ ಮೈಯಿಂದ ನೀರು ಆವಿಯಾಗುತ್ತಾ ಒಳಗಿನ ನೀರನ್ನು ತಂಪು ಮಾಡುತ್ತದಲ್ಲ, ಹಾಗೆಯೇ ಇಲ್ಲಿ ಐಸ್ ಕರಗುತ್ತಾ ಹಾಲನ್ನು ತಂಪು ಮಾಡುತ್ತದೆ.

ಆದ್ದರಿಂದ ಐಸ್ ಕರಗುತ್ತಿದೆ ಎಂದು ಗಾಬರಿಪಡಬೇಕಿಲ್ಲ. ಕರಗಿದರೇನೇ ಕೆಲಸ. ಕರಗದೆ ಒಣಗಿಯೇ ಉಳಿದರೆ ಉಪ್ಪು ತಗುಲಿಲ್ಲ ಎಂದರ್ಥ.

ಎಷ್ಟು ಐಸ್, ಎಷ್ಟು ಉಪ್ಪು

ನೀರಿನಲ್ಲಿ ಉಪ್ಪಿನ ಪ್ರಮಾಣ ಹೆಚ್ಚಿದಂತೆ ಉಷ್ಣತೆ ಕೆಳಗಿಳಿಯುತ್ತಾ ಹೋಗುತ್ತದೆ. ಶೇ 10ರಷ್ಟು ಉಪ್ಪಿನ ನೀರು ಸುಮಾರು ಮೈನಸ್ 6.5 ಡಿಗ್ರಿಯವರೆಗೆ ದ್ರವವಾಗಿ ಇರಬಲ್ಲದು, ಶೇ 15ರದ್ದು ಮೈನಸ್ 11ರವರೆಗೆ, ಶೇ 20ರದ್ದು ಮೈನಸ್ 16ರವರೆಗೆ. ಶೇ 23ರ ಹತ್ತಿರ ಮೈನಸ್ 21 ಡಿಗ್ರಿ. ಅಡುಗೆ ಉಪ್ಪಿನಿಂದ ಸಿಗುವ ಕಡು ತಂಪು ಅದೇ. ಅದಕ್ಕಿಂತ ಹೆಚ್ಚು ಉಪ್ಪು ಸುರಿದರೆ ಪ್ರಯೋಜನವಿಲ್ಲ. ಕರಗದೆ ತಳದಲ್ಲಿ ಕೂರುತ್ತದೆ.

ಆಟಿಕೆ ಯಂತ್ರಕ್ಕೆ ಮೈನಸ್ 21 ಬೇಡವೂ ಬೇಡ. ಅಷ್ಟು ತಂಪಾದರೆ ಲೋಟದ ಗೋಡೆಗೆ ಹಾಲು ಒಮ್ಮೆಲೇ ಕಲ್ಲಿನಂತೆ ಹಿಡಿದು, ಅಲಗು ಸಿಕ್ಕಿಕೊಂಡು, ಪ್ಲಾಸ್ಟಿಕ್ ಗೇರಿನ ಹಲ್ಲು ಜಾರುತ್ತದೆ. ತೂಕದಲ್ಲಿ 5 ಪಾಲು ಐಸಿಗೆ 1 ಪಾಲು ಉಪ್ಪು ಸರಿಯಾದ ಅಳತೆ. 500 ಗ್ರಾಂ ಐಸಿಗೆ 100 ಗ್ರಾಂ ಉಪ್ಪು. ಒಳಲೋಟ ಪ್ಲಾಸ್ಟಿಕ್ಕಿನದಾಗಿದ್ದರೆ ಮಾತ್ರ ಉಪ್ಪನ್ನು 150 ಗ್ರಾಂವರೆಗೆ ಏರಿಸಿ. ಗೋಡೆ ಶಾಖವನ್ನು ತಡೆಯುವುದರಿಂದ ಹೊರಗೆ ಹೆಚ್ಚು ತಂಪು ಬೇಕು.

ಉಪ್ಪು ಯಾವುದು? ಕಲ್ಲುಪ್ಪು. ಗೋಕರ್ಣದ ಬಳಿಯ ಸಾಣಿಕಟ್ಟಾದ ಹರಳುಪ್ಪು ಸಿಕ್ಕರೂ ಸರಿ, ದಿನಸಿ ಅಂಗಡಿಯ ದಪ್ಪ ಉಪ್ಪಾದರೂ ಸರಿ. ಹರಳು ಐಸಿನ ಸಂದುಗಳಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಕರಗುತ್ತದೆ, ತಂಪು ಕೊನೆಯವರೆಗೆ ನಿಲ್ಲುತ್ತದೆ. ಪುಡಿ ಉಪ್ಪು ಐಸನ್ನು ಒಮ್ಮೆಲೇ ಕರಗಿಸಿ, ನೀರಿನೊಡನೆ ತಳಕ್ಕೆ ಇಳಿಯುತ್ತದೆ. ಬೇರೆ ಇಲ್ಲದಿದ್ದರೆ ಪುಡಿ ಉಪ್ಪೂ ಆದೀತು, ಸ್ವಲ್ಪ ಸ್ವಲ್ಪವಾಗಿ ಹಾಕಬೇಕು.

ಐಸ್ ಕ್ಯೂಬ್‌ಗಳನ್ನು ಇಡಿಯಾಗಿ ಹಾಕುವುದು ಎಲ್ಲರೂ ಮಾಡುವ ತಪ್ಪು. ಕ್ಯೂಬ್‌ಗಳ ನಡುವೆ ಗಾಳಿ ತುಂಬಿರುತ್ತದೆ, ಲೋಟಕ್ಕೆ ತಾಗುವುದು ಅವುಗಳ ಮೂಲೆಗಳು ಮಾತ್ರ. ದಪ್ಪ ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟಿ ಕಡಲೆಕಾಳಿನಿಂದ ನೆಲ್ಲಿಕಾಯಿವರೆಗಿನ ಗಾತ್ರಕ್ಕೆ ತನ್ನಿ. ಜೊತೆಗೆ ಮೂರು ನಾಲ್ಕು ಚಮಚ ತಣ್ಣೀರು ಹಾಕಿದರೆ ಉಪ್ಪು ಕರಗಲು ಶುರುವಾಗುತ್ತದೆ, ಸಂದುಗಳೆಲ್ಲ ಉಪ್ಪುನೀರಿನಿಂದ ತುಂಬುತ್ತವೆ. ಫ್ರಿಜ್‌ನ ಸಾಮಾನ್ಯ ಟ್ರೇಗಳಾದರೆ ಎರಡು ಮೂರು ಟ್ರೇ ಐಸ್ ಬೇಕಾಗುತ್ತದೆ. ಹಿಂದಿನ ದಿನವೇ ಮಾಡಿ ಚೀಲದಲ್ಲಿ ಕೂಡಿಡಿ.

ತಿರುಗಿಸುವುದು ಯಾಕೆ

ಹಾಲಿನ ಮಿಶ್ರಣವನ್ನು ಸುಮ್ಮನೆ ಫ್ರೀಜರ್‌ನಲ್ಲಿ ಇಟ್ಟರೆ ಗಟ್ಟಿಯಾಗುತ್ತದೆ, ಆದರೆ ಅದು ಐಸ್‌ಕ್ರೀಂ ಅಲ್ಲ, ಸಿಹಿ ಐಸ್‌ಗಡ್ಡೆ. ನಿಧಾನವಾಗಿ, ಅಲುಗಾಡದೆ ಹೆಪ್ಪುಗಟ್ಟಿದ ನೀರಿನಲ್ಲಿ ಹರಳುಗಳು ದೊಡ್ಡದಾಗಿ ಬೆಳೆಯುತ್ತವೆ. ನಾಲಿಗೆಗೆ ಚುರುಚುರು ಎನ್ನುವುದು ಅವೇ. ಹರಳುಗಳು ಸಣ್ಣವೂ ಹೆಚ್ಚೂ ಆದಷ್ಟು ಐಸ್‌ಕ್ರೀಂ ನುಣ್ಣಗೆ.

ಲೋಟದ ಗೋಡೆಯೇ ಅತ್ಯಂತ ತಂಪಾದ ಜಾಗ, ಮೊದಲ ಹರಳು ಹುಟ್ಟುವುದೂ ಅಲ್ಲೇ. ಅಲಗು ಅದನ್ನು ಕೆರೆದು ನಡುವಿಗೆ ತಳ್ಳುತ್ತದೆ. ಆ ಜಾಗಕ್ಕೆ ಹೊಸ ಹಾಲು ಬರುತ್ತದೆ. ತಿರುಗಿಸುವಾಗ ಒಂದಿಷ್ಟು ಗಾಳಿಯೂ ಸೇರುತ್ತದೆ. ಗಾಳಿ ಸೇರದ ಐಸ್‌ಕ್ರೀಂ ಚಮಚ ಇಳಿಯದಷ್ಟು ಗಟ್ಟಿ. ಆಟಿಕೆಯಲ್ಲಿ ಸೇರುವ ಗಾಳಿ ಸ್ವಲ್ಪವೇ, ಅದಕ್ಕೇ ಮನೆಯದ್ದು ಅಂಗಡಿಯದಕ್ಕಿಂತ ಭಾರವಾಗಿ, ದಟ್ಟವಾಗಿ ಬರುತ್ತದೆ. ಇದನ್ನು ಕೊರತೆ ಎನ್ನಲಾಗದು, ರುಚಿ ಎದ್ದು ಕಾಣುವುದು ಇದರಿಂದಲೇ.

ಈ ಕಾರಣಕ್ಕೆ ಅಲಗು ಗೋಡೆಗೆ ಎಷ್ಟು ಹತ್ತಿರ ಎಂಬುದು ಮುಖ್ಯ. ಖಾಲಿ ಯಂತ್ರವನ್ನು ಜೋಡಿಸಿ ತಿರುಗಿಸಿ ನೋಡಿ. ಅಲಗಿಗೂ ಗೋಡೆಗೂ ನಡುವೆ ಒಂದೆರಡು ಮಿಲಿಮೀಟರ್‌ಗಿಂತ ಹೆಚ್ಚು ಜಾಗವಿದ್ದರೆ ಅಲ್ಲಿ ಗಟ್ಟಿ ಪದರ ಕೂರುತ್ತದೆ. ಆ ಪದರವೇ ಒಳಗಿನ ಹಾಲಿಗೆ ತಂಪು ತಲುಪದಂತೆ ತಡೆಯುತ್ತದೆ. ಅಂಥ ಯಂತ್ರವಾದರೆ ನಾಲ್ಕೈದು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಮರದ ಚಮಚದಿಂದ ಗೋಡೆಯನ್ನು ಕೆರೆಯಬೇಕಾಗುತ್ತದೆ.

ಒಳಗೆ ಹಾಕುವ ಮಿಶ್ರಣ

ದೊಡ್ಡ ಯಂತ್ರಕ್ಕೆ ಬರೆದ ಅಳತೆ ಆಟಿಕೆಗೆ ಆಗಿಬರುವುದಿಲ್ಲ. ಕಾರ್ಖಾನೆಯ ಯಂತ್ರಗಳು ಕಡು ತಂಪಿನಲ್ಲಿ ಬಲು ಬೇಗ ಹೆಪ್ಪುಗಟ್ಟಿಸುತ್ತವೆ, ಆಟಿಕೆಗೆ ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಹರಳು ಬೆಳೆಯುತ್ತದೆ. ಅದನ್ನು ತಡೆಯಲು ಮಿಶ್ರಣದಲ್ಲಿ ನೀರಿನ ಪಾಲು ಕಡಿಮೆ ಇರಬೇಕು, ಕೊಬ್ಬು ಮತ್ತು ಹಾಲಿನ ಗಟ್ಟಿ ಅಂಶ ಹೆಚ್ಚಿರಬೇಕು. ಬರೀ ನೀಲಿ ಪ್ಯಾಕೆಟ್ ಹಾಲಿನಲ್ಲಿ ಮಾಡಿದ್ದು ಚುರುಚುರು ಎನ್ನುವುದು ಇದಕ್ಕೇ. ಅದರಲ್ಲಿರುವ ಕೊಬ್ಬು ಶೇ 3 ಮಾತ್ರ. ನಂದಿನಿಯಲ್ಲಾದರೆ ಶೇ 6 ಕೊಬ್ಬಿನ ಸಮೃದ್ಧಿ ತೆಗೆದುಕೊಳ್ಳಿ.

250 ಮಿ.ಲೀ. ಹಿಡಿಸುವ ಲೋಟಕ್ಕೆ ಅಳತೆ ಹೀಗೆ:

ಕೆನೆಭರಿತ ಹಾಲು 100 ಮಿ.ಲೀ.
ಶೇ 25 ಕೊಬ್ಬಿನ ಫ್ರೆಶ್ ಕ್ರೀಂ 50 ಮಿ.ಲೀ.
ಸಕ್ಕರೆ 25 ಗ್ರಾಂ, ಅಂದರೆ ಎರಡು ದೊಡ್ಡ ಚಮಚ
ಕೆನೆ ತೆಗೆದ ಹಾಲಿನ ಪುಡಿ 10 ಗ್ರಾಂ
ಕಾರ್ನ್‌ಫ್ಲೋರ್ ಒಂದು ಸಣ್ಣ ಚಮಚ, ತಲೆತಟ್ಟಿ
ಚಿಟಿಕೆ ಉಪ್ಪು, ಏಲಕ್ಕಿ ಅಥವಾ ವೆನಿಲಾ

ಈ ಅಳತೆಯಲ್ಲಿ ಕೊಬ್ಬು ಸುಮಾರು ಶೇ 10, ನೀರಲ್ಲದ ಅಂಶ ಸುಮಾರು ಶೇ 36 ಆಗುತ್ತದೆ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಐಸ್‌ಕ್ರೀಂ ಎಂದು ಮಾರಲು ಕೇಳುವ ಕನಿಷ್ಠ ಮಟ್ಟವೂ ಇದೇ: ಹಾಲಿನ ಕೊಬ್ಬು ಶೇ 10, ಒಟ್ಟು ಗಟ್ಟಿ ಅಂಶ ಶೇ 36. ಹಾಲಿನ ಕೊಬ್ಬಿನ ಬದಲು ಸಸ್ಯಜನ್ಯ ಕೊಬ್ಬು ಹಾಕಿದ್ದಕ್ಕೆ ಫ್ರೋಜನ್ ಡೆಸರ್ಟ್ ಎಂದೇ ಬರೆಯಬೇಕು.

ಒಂದೊಂದಕ್ಕೂ ಒಂದು ಕೆಲಸವಿದೆ. ಸಕ್ಕರೆ ಸಿಹಿಗಷ್ಟೇ ಅಲ್ಲ, ಎಲ್ಲ ನೀರೂ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ಮೈನಸ್ 5 ಡಿಗ್ರಿಯಲ್ಲೂ ಈ ಮಿಶ್ರಣದ ಅರ್ಧದಷ್ಟು ನೀರು ದ್ರವವಾಗಿಯೇ ಇರುತ್ತದೆ, ಚಮಚ ಇಳಿಯುವುದು ಅದರಿಂದ. ಸಕ್ಕರೆ ಅರ್ಧ ಮಾಡಿದರೆ ಕಲ್ಲಾಗುತ್ತದೆ, ಎರಡು ಪಟ್ಟು ಮಾಡಿದರೆ ಗಟ್ಟಿಯಾಗುವುದೇ ಇಲ್ಲ. ಕಾರ್ನ್‌ಫ್ಲೋರ್ ಬೆಂದಾಗ ನೀರನ್ನು ಹಿಡಿದಿಟ್ಟುಕೊಂಡು ಹರಳು ಬೆಳೆಯದಂತೆ ತಡೆಯುತ್ತದೆ. ಹಾಲಿನ ಪುಡಿ ಹೆಚ್ಚಾದರೆ ಒಳ್ಳೆಯದಲ್ಲವೇ ಎಂದು ಇನ್ನೆರಡು ಚಮಚ ಸೇರಿಸಬೇಡಿ. ಅದರಲ್ಲಿರುವ ಹಾಲಿನ ಸಕ್ಕರೆ ಹರಳುಗಟ್ಟಿ ಮರಳು ಅಗಿದಂತಾಗುತ್ತದೆ.

ಮಾವು ಹಾಕುವುದಾದರೆ ಬಾದಾಮಿ ಅಥವಾ ರಸಪುರಿಯ 60 ಗ್ರಾಂ ತಿರುಳನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ, ಆರಿಸಿ, ತಣ್ಣಗಿರುವ ಮಿಶ್ರಣಕ್ಕೆ ಸೇರಿಸಿ; ಸಕ್ಕರೆ 20 ಗ್ರಾಂಗೆ ಇಳಿಸಿ. ಹಸಿ ತಿರುಳಿನಲ್ಲಿ ಬಹುಪಾಲು ನೀರೇ ಇರುತ್ತದೆ, ಬಿಸಿ ಹಾಲಿಗೆ ಹಾಕಿದರೆ ಹುಳಿಯಿಂದ ಹಾಲು ಒಡೆಯುವ ಭಯವೂ ಇದೆ. ಬೆಲ್ಲಕ್ಕೂ ಇದೇ ಎಚ್ಚರ: ಹಾಲು ಆರಿದ ಮೇಲೆ ಪಾಕವಾಗಿ ಸೇರಿಸಿ.

ಮಾಡುವ ಕ್ರಮ

ಎರಡು ಚಮಚ ತಣ್ಣನೆ ಹಾಲಿನಲ್ಲಿ ಕಾರ್ನ್‌ಫ್ಲೋರ್ ಕದಡಿ. ಉಳಿದ ಹಾಲಿಗೆ ಸಕ್ಕರೆ, ಹಾಲಿನ ಪುಡಿ, ಉಪ್ಪು ಸೇರಿಸಿ ಕಾಯಿಸಿ. ಕುದಿ ಬಂದಾಗ ಕದಡಿದ್ದನ್ನು ಸುರಿದು, ಒಂದೆರಡು ನಿಮಿಷ ಕೈ ಬಿಡದೆ ತಿರುವಿ. ಚಮಚದ ಬೆನ್ನಿಗೆ ಅಂಟುವಷ್ಟು ಆದರೆ ಸಾಕು. ಆರಿದ ಮೇಲೆ ಕ್ರೀಂ ಬೆರೆಸಿ, ಸೋಸಿ, ಮುಚ್ಚಿ ಫ್ರಿಜ್‌ನಲ್ಲಿ ಇಡಿ. ಕನಿಷ್ಠ ನಾಲ್ಕು ಗಂಟೆ. ರಾತ್ರಿಯಿಡೀ ಇಟ್ಟರೆ ಇನ್ನೂ ಒಳ್ಳೆಯದು.

ಈ ನಾಲ್ಕು ಗಂಟೆಯನ್ನೇ ಹೆಚ್ಚಿನವರು ಬಿಟ್ಟುಬಿಡುವುದು. ಲೆಕ್ಕ ಹಾಕಿ ನೋಡೋಣ. ಈ ಮಿಶ್ರಣ 5 ಡಿಗ್ರಿಯಿಂದ ಮೈನಸ್ 5ಕ್ಕೆ ಇಳಿದು ಅರ್ಧ ಹೆಪ್ಪುಗಟ್ಟಲು ಸುಮಾರು 80 ಗ್ರಾಂ ಐಸ್ ಕರಗಬೇಕು. ಅಡುಗೆಮನೆಯ 30 ಡಿಗ್ರಿಯಿಂದಲೇ ಶುರುಮಾಡಿದರೆ ಸುಮಾರು 130 ಗ್ರಾಂ. ಇದು ಹಾಲಿನ ಲೆಕ್ಕ ಮಾತ್ರ. ಡಬ್ಬ, ಅಲಗು, ಉಪ್ಪು ತಣ್ಣಗಾಗಬೇಕು, ಕೋಣೆಯ ಸೆಕೆಯೂ ಪ್ಲಾಸ್ಟಿಕ್ ಗೋಡೆ ದಾಟಿ ಐಸನ್ನು ತಿನ್ನುತ್ತಿರುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಆ ಸೋರಿಕೆ ಮಡಿಕೇರಿಗಿಂತ ಎಷ್ಟೋ ಹೆಚ್ಚು. ಅಂಥ ಕಡೆ ಹೊರ ಡಬ್ಬಕ್ಕೆ ದಪ್ಪ ಟವೆಲ್ ಸುತ್ತಿ, ಬೆಳಿಗ್ಗೆ ಅಥವಾ ರಾತ್ರಿ ಮಾಡುವುದು ಲೇಸು. ಒಳಲೋಟ, ಅಲಗು, ಮುಚ್ಚಳವನ್ನೂ ಅರ್ಧ ಗಂಟೆ ಫ್ರೀಜರ್‌ನಲ್ಲಿ ಇಟ್ಟು ತೆಗೆಯಿರಿ.

ಲೋಟಕ್ಕೆ ಮಿಶ್ರಣ ಮೂರರಲ್ಲಿ ಎರಡು ಪಾಲಿಗಿಂತ ಮೇಲೆ ಬೇಡ. ಮುಚ್ಚಳ ಬಿಗಿದು, ಹೊರಗೆ ಎರಡು ಬೆರಳು ಎತ್ತರ ಐಸ್, ಅದರ ಮೇಲೆ ಒಂದು ಹಿಡಿ ಉಪ್ಪು, ಮತ್ತೆ ಐಸ್, ಮತ್ತೆ ಉಪ್ಪು, ಹೀಗೆ ಪದರ ಪದರವಾಗಿ ತುಂಬಿ. ಐಸ್ ಒಳಗಿನ ಹಾಲಿನ ಮಟ್ಟಕ್ಕಿಂತ ಮೇಲಿರಲಿ, ಆದರೆ ಲೋಟದ ಮುಚ್ಚಳಕ್ಕಿಂತ ಎರಡು ಬೆರಳು ಕೆಳಗೇ ನಿಲ್ಲಲಿ. ಹಿಡಿಕೆಯನ್ನು ಸೆಕೆಂಡಿಗೆ ಒಂದು ಸುತ್ತಿನಂತೆ, ನಿಲ್ಲಿಸದೆ ತಿರುಗಿಸಿ.

ಮೊದಲ ಐದು ನಿಮಿಷ ಏನೂ ಆದಂತೆ ಕಾಣುವುದಿಲ್ಲ. ಹಾಲು ಲೊಳಕ್ ಲೊಳಕ್ ಎನ್ನುತ್ತದೆ, ಹೊರ ಡಬ್ಬದ ಮೈ ಬೆವರುತ್ತದೆ. ಎಂಟು ಹತ್ತು ನಿಮಿಷಕ್ಕೆ ಆ ಸದ್ದು ಅಡಗುತ್ತದೆ. ಮುಚ್ಚಳ ತೆಗೆದು ನೋಡಿದರೆ ಅಲಗಿನ ಅಂಚಿನಲ್ಲಿ ದೋಸೆ ಹಿಟ್ಟಿನ ಹದದ ಬಿಳಿ ಪದರ, ನಡುವೆ ಇನ್ನೂ ತೆಳು ಹಾಲು. ಹದಿನೈದು ನಿಮಿಷದ ಹೊತ್ತಿಗೆ ಹಿಡಿಕೆ ಕೈಗೆ ಭಾರವಾಗುತ್ತದೆ, ಅಲಗು ಹಾದುಹೋದ ಗುರುತು ಮುಚ್ಚಿಕೊಳ್ಳದೆ ಹಾಗೇ ನಿಲ್ಲುತ್ತದೆ. ಅಲ್ಲಿಗೆ ನಿಲ್ಲಿಸಿ. ಇನ್ನೂ ಗಟ್ಟಿಯಾಗಲಿ ಎಂದು ಒತ್ತಿ ತಿರುಗಿಸಿದರೆ ಗೇರು ಮುರಿಯುತ್ತದೆ. ಕ್ರೀಂ ಹೆಚ್ಚಿದ್ದರೆ ಬೆಣ್ಣೆಯ ಕಾಳೂ ಬರುತ್ತದೆ. ಗೋಡಂಬಿ, ದ್ರಾಕ್ಷಿ, ಚಾಕೊಲೇಟ್ ಚೂರು ಹಾಕುವುದು ಈಗ, ಅದೂ ಕೈಯಿಂದ ಬೆರೆಸಿ. ಮೊದಲೇ ಹಾಕಿದರೆ ಅಲಗಿಗೂ ಗೋಡೆಗೂ ನಡುವೆ ಸಿಕ್ಕಿಕೊಳ್ಳುತ್ತವೆ.

ಈ ಹಂತದಲ್ಲಿ ಅದು ಮೆತ್ತಗಿರುತ್ತದೆ. ಕೂಡಲೇ ತಿನ್ನಬಹುದು. ಉಂಡೆಯಾಗಿ ತೆಗೆಯಬೇಕೆಂದರೆ ಮೊದಲೇ ತಣ್ಣಗೆ ಮಾಡಿಟ್ಟ ಸ್ಟೀಲ್ ಡಬ್ಬಿಗೆ ಹಾಕಿ, ಮೇಲೆ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿ, ಎರಡರಿಂದ ನಾಲ್ಕು ಗಂಟೆ ಫ್ರೀಜರ್‌ನಲ್ಲಿ ಇಡಿ.

ಎಲ್ಲಿ ತಪ್ಪುತ್ತದೆ

ಇಪ್ಪತ್ತೈದು ನಿಮಿಷವಾದರೂ ಹಾಲು ತೆಳುವಾಗಿಯೇ ಇದ್ದರೆ ಮೊದಲು ಹೊರ ಡಬ್ಬ ನೋಡಿ. ಐಸೆಲ್ಲ ಕರಗಿ ನೀರಾಗಿದ್ದರೆ ಆ ನೀರನ್ನು ಅರ್ಧ ಚೆಲ್ಲಿ, ಹೊಸ ಐಸ್ ಮತ್ತು ಉಪ್ಪು ಹಾಕಿ. ಐಸ್ ಸಾಕಷ್ಟಿದ್ದೂ ಹೀಗಾದರೆ ಉಪ್ಪು ಕಡಿಮೆಯಾಗಿದೆ, ಇಲ್ಲವೇ ತಳಕ್ಕೆ ಇಳಿದಿದೆ. ಎರಡೂ ಸರಿಯಿದ್ದರೆ ಮಿಶ್ರಣ ಬೆಚ್ಚಗಿತ್ತು, ಅಥವಾ ಸಕ್ಕರೆ ಹೆಚ್ಚಾಗಿದೆ. ಕಂಡೆನ್ಸ್ಡ್ ಮಿಲ್ಕ್ ಹಾಕಿ ಮೇಲೆ ಸಕ್ಕರೆಯನ್ನೂ ಹಾಕಿದಾಗ ಹೀಗಾಗುವುದು ಸಾಮಾನ್ಯ. ಆ ಡಬ್ಬಿಯಲ್ಲಿ ಆಗಲೇ ಸಕ್ಕರೆ ತುಂಬಿರುತ್ತದೆ.

ಗೋಡೆಗೆ ಗಟ್ಟಿ, ನಡುವೆ ನೀರು ಎಂದರೆ ಅಲಗು ಕೆರೆಯುತ್ತಿಲ್ಲ, ಅಥವಾ ನಡುನಡುವೆ ತಿರುಗಿಸುವುದು ನಿಂತಿದೆ. ಮಕ್ಕಳ ಕೈ ಸೋತಾಗ ಒಂದು ನಿಮಿಷ ನಿಂತರೂ ಪದರ ಕೂರುತ್ತದೆ, ಆದ್ದರಿಂದ ಸರದಿ ಮಾಡಿಕೊಳ್ಳಿ. ಉಪ್ಪುಪ್ಪು ರುಚಿ ಬಂದರೆ ಉಪ್ಪುನೀರು ಮುಚ್ಚಳದ ಸಂದಿನಿಂದ ಒಳಗೆ ನುಗ್ಗಿದೆ, ಅದನ್ನು ಸರಿಪಡಿಸುವ ದಾರಿಯಿಲ್ಲ. ಮುಚ್ಚಳ ತೆರೆಯುವ ಮುನ್ನ ಅದರ ಅಂಚನ್ನು ಬಟ್ಟೆಯಿಂದ ಒರೆಸುವುದೇ ಉಪಾಯ. ಬ್ಯಾಟರಿ ಮಾದರಿಯಲ್ಲಿ ಮೋಟಾರ್ ಗುಂಯ್‌ಗುಟ್ಟಿ ನಿಂತರೆ ಕೂಡಲೇ ಆರಿಸಿ. ಅಲಗು ಸಿಕ್ಕಿಕೊಂಡಿರುವಾಗ ಚಾಲೂ ಇಟ್ಟರೆ ಮೋಟಾರ್ ಸುಡುತ್ತದೆ.

ಉಪ್ಪಿಲ್ಲದ ಮಾದರಿ

ಕೆಲವು ಯಂತ್ರಗಳಲ್ಲಿ ಐಸ್ ಹಾಕುವ ಜಾಗವೇ ಇರುವುದಿಲ್ಲ. ಲೋಟದ ಎರಡು ಗೋಡೆಗಳ ನಡುವೆ ದ್ರವ ಅಥವಾ ಜೆಲ್ ಮುಚ್ಚಿಟ್ಟಿರುತ್ತಾರೆ. ಲೋಟವನ್ನೇ ಫ್ರೀಜರ್‌ನಲ್ಲಿ ಇಟ್ಟು ಆ ಜೆಲ್ ಗಟ್ಟಿಯಾದ ಮೇಲೆ ಹಾಲು ಸುರಿಯಬೇಕು. ಇದಕ್ಕೆ ಮೈನಸ್ 18 ಡಿಗ್ರಿಯಲ್ಲಿ 18ರಿಂದ 24 ಗಂಟೆ ಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ: ದ್ರವದ ಸದ್ದು ಕೇಳಿದರೆ ಇನ್ನೂ ಆಗಿಲ್ಲ. ಒಂದೇ ಬಾಗಿಲಿನ ಫ್ರಿಜ್‌ನ ಸಣ್ಣ ಫ್ರೀಜರ್ ಎಷ್ಟೋ ಸಲ ಅಷ್ಟು ತಂಪಿಗೆ ಇಳಿಯುವುದಿಲ್ಲ, ನಡುವೆ ಕರೆಂಟ್ ಹೋದರಂತೂ ಮೊದಲಿನಿಂದ ಶುರು. ಅಂಥ ಮನೆಗೆ ಐಸ್–ಉಪ್ಪಿನ ಮಾದರಿಯೇ ಹೆಚ್ಚು ನಂಬಿಕಸ್ತ. ಜೆಲ್ ಲೋಟದಲ್ಲಿ ಅಲಗು ತಿರುಗುತ್ತಿರುವಾಗಲೇ ಹಾಲು ಸುರಿಯಬೇಕು; ಮೊದಲು ಸುರಿದರೆ ಅಲಗು ಗೋಡೆಗೆ ಕಚ್ಚಿಕೊಳ್ಳುತ್ತದೆ.

ಮಕ್ಕಳ ಕೈಗೆ ಕೊಡುವಾಗ

ಭಾರತದಲ್ಲಿ 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಪೆಟ್ಟಿಗೆಯ ಮೇಲೆ ಅದಿದೆಯೇ ನೋಡಿ. ಅದರ ಜೊತೆಗೆ ಒಳಲೋಟ ಮತ್ತು ಅಲಗು ಆಹಾರಕ್ಕೆ ತಕ್ಕದ್ದು ಎಂದು ಬರೆದಿರಬೇಕು, ಅಥವಾ ಗ್ಲಾಸು ಮತ್ತು ಫೋರ್ಕಿನ ಚಿಹ್ನೆ ಇರಬೇಕು. ಅದಿಲ್ಲದಿದ್ದರೆ ಅದರಲ್ಲಿ ತಿನ್ನುವ ಪದಾರ್ಥ ಮಾಡಬೇಡಿ.

ಹಾಲು ಕಾಯಿಸುವುದು, ಐಸ್ ಕುಟ್ಟುವುದು ದೊಡ್ಡವರ ಕೆಲಸ. ಉಪ್ಪು ಬೆರೆತ ಐಸ್ ಮಾಮೂಲಿ ಐಸಿನಂತೆಯೇ ಕಾಣುತ್ತದೆ, ಆದರೆ ಮೈನಸ್ 10ಕ್ಕಿಂತ ಕೆಳಗಿರುತ್ತದೆ. ಬರಿಗೈಯಲ್ಲಿ ಹಿಡಿದುಕೊಂಡರೆ ಚರ್ಮ ಮರಗಟ್ಟಿ ಸುಟ್ಟಂಥ ಗಾಯವಾಗುತ್ತದೆ. ಮಕ್ಕಳಿಗೆ ದೊಡ್ಡ ಚಮಚ ಕೊಡಿ, ಕೈಯಿಂದ ತುಂಬಲು ಬಿಡಬೇಡಿ. ಫ್ರೀಜರ್‌ನಿಂದ ಆಗಷ್ಟೇ ತೆಗೆದ ಅಲ್ಯೂಮಿನಿಯಂ ಲೋಟವನ್ನು ಒದ್ದೆ ಕೈಯಲ್ಲಿ ಮುಟ್ಟುವುದಾಗಲಿ, ನೆಕ್ಕುವುದಾಗಲಿ ಕೂಡದು, ಚರ್ಮ ಅಂಟಿಕೊಳ್ಳುತ್ತದೆ. ಮಾಡಿದ ಐಸ್‌ಕ್ರೀಂ ಪೂರ್ತಿ ಕರಗಿ ಹೊರಗೇ ಉಳಿದಿದ್ದರೆ ಅದನ್ನು ಮತ್ತೆ ಹೆಪ್ಪುಗಟ್ಟಿಸಿ ಕೊಡಬೇಡಿ.

ಕೆಲಸ ಮುಗಿದ ಕೂಡಲೇ ಎಲ್ಲ ಭಾಗಗಳನ್ನೂ ಸಿಹಿನೀರಿನಲ್ಲಿ ತೊಳೆಯಿರಿ. ಉಪ್ಪುನೀರು ರಾತ್ರಿಯಿಡೀ ನಿಂತರೆ ಅಲ್ಯೂಮಿನಿಯಂ ಲೋಟಕ್ಕೆ ಚುಕ್ಕೆ ಚುಕ್ಕೆಯಾಗಿ ತೂತು ಬೀಳುತ್ತದೆ, ಗೇರಿನ ಉಕ್ಕಿನ ಕಡ್ಡಿ ತುಕ್ಕು ಹಿಡಿಯುತ್ತದೆ. ಡಬ್ಬದಲ್ಲಿ ಉಳಿದ ನೀರನ್ನು ಗಿಡದ ಬುಡಕ್ಕೆ ಹಾಕಿದರೆ ಗಿಡ ಒಣಗುತ್ತದೆ. ಬಚ್ಚಲಿಗೆ ಸುರಿದು, ಮೇಲೆ ಒಂದೆರಡು ಚೊಂಬು ನೀರು ಹಾಕಿ.